ಶುಂಠಿ ಬಿಸ್ಕತ್ತಿನ ಮನೆಯ ಎತ್ತುಗಳು

ನಾನು ಮೊದಲ ಸಲ ಮನೆ ಬಿಟ್ಟು ಹೋದದ್ದು ಏಳನೇ ಇಯತ್ತೆಯ ಗಣಿತ ಪರೀಕ್ಷೆಯಿದ್ದ ಸೋಮವಾರ. ಅವತ್ತು ಏನೂ ಕೇಳದೆ ರೊಟ್ಟಿ ಕೊಟ್ಟು ಒಳಗೆ ಕರೆದುಕೊಂಡವಳು ಅವ್ವನ ತಂಗಿ, ಚಿಗಳ್ಳಿಯ ಚಿಗವ್ವ. ಅವಳ ಮನೆಯಲ್ಲಿ ತಲೆಬಾಗಿಲು ದಾಟಿದರೆ ಮೊದಲು ಎತ್ತುಗಳು, ಕಟ್ಟೆ ಹತ್ತಿದ ಮೇಲೆ ಜನ.

ಹೋದ ಡಿಸೆಂಬರಿನಲ್ಲಿ ದಾಂಡೇಲಿಯ ಒಂದು ರೆಸಾರ್ಟಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದೆ. ಕ್ರಿಸ್‌ಮಸ್ಸಿಗೆ ಗೆಸ್ಟ್ ನೋಡಾಕ ಶುಂಠಿ ಬಿಸ್ಕತ್ತು ಜೋಡಿಸಿ ಒಂದು ಸಣ್ಣ ಮನೆ ಮಾಡು, ಎಂಥದಾದರೂ ನಡೀತದ ಎಂದರು ಮ್ಯಾನೇಜರು. ನಾನು ಮೂರು ದಿನ ಕೂತು ಚಿಗವ್ವನ ಮನೆಯನ್ನೇ ಕಟ್ಟಿದೆ. ಒಳಗೆಲ್ಲ ಕಾಣಲಿ ಎಂದು ಮುಂದಿನ ಗೋಡೆ ಬಿಟ್ಟು, ಒಳಗೆ ಬಿಸ್ಕತ್ತಿನವೇ ಎರಡು ಎತ್ತು ನಿಲ್ಲಿಸಿದೆ.

"ಮನ್ಯಾಗ ದನಾನ? ಗೆಸ್ಟ್ ಹೇಸ್ತಾರ. ಅವನ್ನ ತಗದು ಮ್ಯಾಲೊಂದು ಹೊಗಿಗೂಡು ಇಡು" ಅಂದರು ಮ್ಯಾನೇಜರು.

"ಸರ, ನೀವೂ ಹಳಿಯಾಳ ಕಡೆಯವರ ಅದೀರಿ. ನಿಮ್ಮ ಅಜ್ಜಾರು ದನಾ ಎಲ್ಲಿ ಕಟ್ತಿದ್ರು?"

ಅವರು ಸುತ್ತ ನೋಡಿ ದನಿ ಇಳಿಸಿದರು. "ಒಳಗ. ಅದನ್ನ ಮಂದಿಗೆಲ್ಲ ತೋರಿಸಬೇಕೇನಲೇ?"

ನನಗೆ ಮೈ ಉರಿದದ್ದು ಇದಕ್ಕೇ. ಪರವೂರಿನವರು ಅಂದಿದ್ದರೆ ತಿಳಿಯದವರು ಎಂದು ಬಿಡುತ್ತಿದ್ದೆ. ಇವರು ತಾವೇ ಚಾಕುವಿನಿಂದ ಎತ್ತುಗಳನ್ನು ಎಬ್ಬಿಸಿ, ಆ ಜಾಗದಲ್ಲಿ ಸೋಫಾ ಕೂರಿಸಿದರು. ಮುಂದೆ ಒಂದು ಚೀಟಿ ಬೇರೆ: 'ನಮ್ಮ ಅಪ್ಪಟ ಹಳ್ಳಿ ಮನೆ'. ಯಾವ ಹಳ್ಳಿಯದೋ!

ಎತ್ತುಗಳನ್ನು ಡಬ್ಬಿಯಲ್ಲಿಟ್ಟು, ಬಟ್ಟೆಗಳ ನಡುವೆ ಸೇರಿಸಿ, ಕೆಲಸ ಬಿಟ್ಟು ಹೊರಡಲು ಬ್ಯಾಗ್ ತುಂಬಿದೆ.

"ಅವನ್ನೆಲ್ಲಿ ಒಯ್ತೀಯೋ? ಹಿಟ್ಟು ರೆಸಾರ್ಟಿಂದು."

"ನಿಮ್ಮಲ್ಲಿ ಅವಕ್ಕ ಜಾಗಾ ಇಲ್ಲಂದ್ರಲ್ರಿ" ಅಂದು ಜಿಪ್ ಎಳೆದೆ.