ಎಂಬತ್ತರ ಬದಲು ನಲವತ್ತು

ನನ್ನ ಸೋದರಮಾವನಿಗೆ ಮೂಗಿನ ತುದಿಯಲ್ಲೇ ಕೋಪವಿತ್ತು ಎಂದು ನೆಂಟರೆಲ್ಲ ನಗುತ್ತಾರೆ. ನಗಲಿ. ಆ ಕೋಪ ಯಾಕೆ ಬಂತು ಎಂದು ಕೇಳಿದವರು ಒಬ್ಬರೂ ಇಲ್ಲ.

ಮಾವ ಬಟ್ಟೆ ಒಗೆಯುವ ದೊಡ್ಡ ಕಾರ್ಖಾನೆಯೊಂದರಲ್ಲಿ ಪೈಪ್ ಫಿಟ್ಟರ್. ಅಮ್ಮ ಅಲ್ಲೇ ಇಸ್ತ್ರಿ ಯಂತ್ರದ ಮುಂದೆ ನಿಲ್ಲುತ್ತಿದ್ದಳು. ಬಾಯ್ಲರಿನಿಂದ ಬರುವ ಹಬೆಯ ಪೈಪು ಅವಳ ತಲೆಯ ಮೇಲೇ ಹಾದುಹೋಗುತ್ತಿತ್ತು. ಮಾವ ಜ್ವರವೆಂದು ವಾರ ರಜೆ ಹಾಕಿದಾಗ ಮ್ಯಾನೇಜರು ಹೊರಗಿನವರನ್ನು ಕರೆಸಿ ಆ ಹಳೇ ಪೈಪು ಬದಲಾಯಿಸಿ, ಬಣ್ಣವನ್ನೂ ಹೊಡೆಸಿಬಿಟ್ಟ.

ಯಾವ ಪೈಪನ್ನೇ ಆಗಲಿ, ಮೊದಲು ಕೈಯಲ್ಲಿ ತೂಗಿ, ಅದರ ಬಾಯೊಳಗೆ ಬೆರಳಿಟ್ಟು ನೋಡುವುದು ಮಾವನ ಅಭ್ಯಾಸ. ಮರಳಿ ಬಂದವನು ಮೂಲೆಯಲ್ಲಿ ಬಿದ್ದಿದ್ದ ಹೊಸ ಪೈಪಿನ ತುಂಡನ್ನು ಎತ್ತಿದ. ಹಗುರಾಗಿತ್ತು. ಅವನ ಪಿತ್ತ ನೆತ್ತಿಗೇರಿತು.

"ಇದು ನಲವತ್ತು ನಂಬರಿನದ್ದು. ಇಲ್ಲಿಗೆ ಬೇಕಾಗಿದ್ದು ಎಂಬತ್ತರದ್ದು," ಎಂದ.

ಮ್ಯಾನೇಜರು ಟೇಪು ಹಿಡಿದು ತೋರಿಸಿದ. "ಹಳೇದಕ್ಕೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ವಲ್ಲ. ಜಾಯಿಂಟೆಲ್ಲ ಸರಿಯಾಗೇ ಕೂತಿದೆ."

"ಕೂರುತ್ತೆ ಸ್ವಾಮಿ. ಎರಡಿಂಚಿನ ಪೈಪು ಅಂದ್ಮೇಲೆ ಹೊರಗಡೆ ಎಲ್ಲಾ ಒಂದೇ ಅಳತೆ. ನಂಬರು ದೊಡ್ಡದಾದಷ್ಟೂ ಗೋಡೆ ದಪ್ಪ ಆಗೋದು ಒಳಗಡೆಗೆ. ಬೆಳ್ಳಗಿರೋದೆಲ್ಲ ಹಾಲಲ್ಲ. ಜೋಡಿಸೋಕೆ ಥ್ರೆಡ್ ಕೊರೆದ ಜಾಗದಲ್ಲಿ ಇದರ ಗೋಡೆ ಎಷ್ಟು ಉಳಿದಿದೆ, ನೋಡಿದ್ದೀರಾ? ಹಬೆಯ ಒತ್ತಡಕ್ಕೆ ಒಂದಿನ ಅಲ್ಲೇ ಒಡೆಯುತ್ತೆ."

"ನಿನ್ನ ಪಾಠ ಸಾಕು. ಹತ್ತು ಗಂಟೆಗೆ ಹಬೆ ಬಿಡು."

ಟೇಪು ಹಿಡಿಯಲು ಬಂದ ಮಾತ್ರಕ್ಕೆ ಅಳತೆ ಗೊತ್ತಿದೆ ಎಂದುಕೊಳ್ಳುವ ಇಂಥವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಮಾವ ಹಬೆ ಬಿಡಲಿಲ್ಲ. ಏಣಿ ಹತ್ತಿ, ಗರಗಸದಿಂದ ಹೊಸ ಪೈಪನ್ನು ನಾಲ್ಕು ಕಡೆ ಕೊಯ್ದುಹಾಕಿದ.

"ಅಣ್ಣ, ಕೆಲಸ ಹೋಗುತ್ತೆ, ಇಳಿಯೋ," ಎಂದಳು ಅಮ್ಮ ಕೆಳಗಿನಿಂದ.

"ಹೋಗ್ಲಿ. ನೀನು ಆಚೆ ನಿಂತ್ಕೋ, ಕಣ್ಣಿಗೆ ಪುಡಿ ಬೀಳುತ್ತೆ."

ಮಧ್ಯಾಹ್ನದೊಳಗೆ ಕೆಲಸ ಹೋಯಿತು. ಕೊಯ್ದ ತುಂಡುಗಳ ಗೋಡೆ ಎಷ್ಟು ತೆಳು ಎಂಬುದನ್ನು ಇಸ್ತ್ರಿಯ ಹೆಂಗಸರೆಲ್ಲ ಕಣ್ಣಾರೆ ನೋಡಿದ್ದರು. ಅವರು ಯಂತ್ರದ ಹತ್ತಿರ ಹೋಗಲು ಒಪ್ಪಲಿಲ್ಲ. ಮ್ಯಾನೇಜರು ಬಾಯಿ ಮುಚ್ಚಿಕೊಂಡು ಎಂಬತ್ತರದ್ದನ್ನೇ ತರಿಸಿದ. ಮಾವನನ್ನು ಮಾತ್ರ ಮತ್ತೆ ಗೇಟಿನೊಳಗೆ ಬಿಡಲಿಲ್ಲ. ಪೈಪು ಕೊಯ್ದವನಿಗೆ ಬೇರೆ ಯಾರೂ ಕೆಲಸ ಕೊಡಲಿಲ್ಲ. ಸಾಯುವವರೆಗೂ ಮನೆಮನೆಯ ನಲ್ಲಿ ರಿಪೇರಿ ಮಾಡಿಕೊಂಡೇ ಬದುಕಿದ.

ಅಮ್ಮ ಆ ಎಂಬತ್ತರ ಪೈಪಿನ ಕೆಳಗೆ ಇನ್ನೂ ಹದಿನೇಳು ವರ್ಷ ದುಡಿದಳು. ಅದು ಒಂದು ದಿನವೂ ಒಡೆಯಲಿಲ್ಲ.

"ಏನೂ ಆಗ್ಲೇ ಇಲ್ವಲ್ಲ. ನಿಮ್ಮ ಮಾವ ಸುಮ್ನೆ ಕೂಗಾಡಿ ಕೆಲಸ ಕಳ್ಕೊಂಡ," ಎನ್ನುತ್ತಾರೆ ನೆಂಟರು.

ಅಮ್ಮನ ಮುಖದ ಮೇಲೆ ಒಂದೇ ಒಂದು ಸುಟ್ಟ ಕಲೆಯಿಲ್ಲ. ಇಲ್ಲದ ಕಲೆಯನ್ನು ನಾನು ಯಾರಿಗೆ ತೋರಿಸಲಿ?