ಸುಟ್ಟ ಫ್ರೀಜರ್ ಮತ್ತು ಉಪ್ಪುಂದದ ಬಾಗಿ

ಉಪ್ಪುಂದದ ಬಾಗಿಗೆ ಬಾಯಿ ಜೋರು ಎಂದು ಹೇಳುವವರಿದ್ದಾರೆ. ಹೇಳಲಿ. ಹರೆಯದಿಂದಲೂ ಮೀನು ಮಾರಿದವಳ ಬಾಯಿ ಮೆತ್ತಗಿದ್ದಿದ್ದರೆ ಇಷ್ಟು ಹೊತ್ತಿಗೆ ಜನ ಅವಳ ಬುಟ್ಟಿಯನ್ನೇ ಪುಕ್ಕಟೆ ಎತ್ತಿಕೊಂಡು ಹೋಗಿರುತ್ತಿದ್ದರು.

ಮದುವೆಯಾಗಿ ಬಂದ ಮರುವರ್ಷವೇ ಅವಳು ಬುಟ್ಟಿ ಹೊತ್ತಳು. ಗಂಡ ತಿಮ್ಮ ಗಂಗೊಳ್ಳಿಯ ಬೋಟಿಗೆ ಹೋಗುತ್ತಿದ್ದ. ಹೋದರೆ ವಾರಗಟ್ಟಲೆ ಪತ್ತೆಯಿಲ್ಲ. ಬಾಗಿ ಬೆಳಿಗ್ಗೆ ಕಡಲ ತಡಿಯಲ್ಲಿ ಮೀನು ಕೊಂಡು ಬಸ್ಸು ಹತ್ತಿ ಬೈಂದೂರಿಗೆ ಹೋಗಿ ಮನೆಮನೆ ತಿರುಗುತ್ತಿದ್ದಳು. ಬಸ್ಸಿನಲ್ಲಿ ಯಾರಾದರೂ ಮೂಗಿಗೆ ಕರ್ಚೀಫು ಹಿಡಿದರೆ ಮುಗಿಯಿತು. "ಈಗ ನಾತ ಅಂತ್ರಿ. ಮಧ್ಯಾಹ್ನ ಬಟ್ಲಿಗೆ ಬಿದ್ರೆ ಪರಿಮಳ ಅಂತ್ರಿ. ಎಂತ ಮೂಗ್ ಮರಾಯ್ರೆ ನಿಮ್ದ್!" ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿಬಿಡುತ್ತಿದ್ದಳು. ಕರ್ಚೀಫು ಕಿಸೆಗೆ ಹೋಗುತ್ತಿತ್ತು.

ಆಮೇಲೆ ತಿಮ್ಮ ಬೋಟಿನಲ್ಲಿ ಜಾರಿ ಬಿದ್ದು ಮಂಡಿ ಒಡೆದುಕೊಂಡ. ಅವನು ಮನೆಯ ಜಗಲಿಯಲ್ಲಿ ಬಲೆ ಹೊಲಿಯುತ್ತ ಕುಳಿತ, ಬಾಗಿ ಊರ ಮಾರ್ಕೆಟ್ಟಿನಲ್ಲಿ ಒಂದು ಮೂಲೆ ಹಿಡಿದು ಕುಳಿತಳು. ಅಲ್ಲಿ ಅವಳ ಹೊಟ್ಟೆ ಉರಿಸುತ್ತಿದ್ದವನು ಒಬ್ಬನೇ, ಉಳಿದ ಮೀನನ್ನು ಸಗಟಾಗಿ ಕೊಳ್ಳುವ ವ್ಯಾನಿನವನು. ಬಿಸಿಲು ಏರಿ, ಮಂಜುಗಡ್ಡೆ ಕರಗಿ, ಉಳಿದ ಮೀನನ್ನು ಏನು ಮಾಡುವುದೆಂದು ಹೆಂಗಸರು ಚಿಂತೆ ಮಾಡುವ ಹೊತ್ತಿಗೆ ಸರಿಯಾಗಿ ಬಂದು ನಿಲ್ಲುತ್ತಿದ್ದ. ಅವನು ಹೇಳಿದ್ದೇ ಕ್ರಯ. ಬೇಡವೆಂದರೆ ಮೀನು ಗುಂಡಿಗೆ.

ಬಾಗಿ ಸ್ವಸಹಾಯ ಸಂಘದಲ್ಲಿ ಸಾಲ ಎತ್ತಿ ಒಂದು ದೊಡ್ಡ ಫ್ರೀಜರ್ ತಂದದ್ದು ಆ ಸಿಟ್ಟಿಗೆ. ಮೊದಲ ದಿನ ವ್ಯಾನಿನವನು ಬಂದು ಕ್ರಯ ಹೇಳಿದಾಗ, "ಇವತ್ತ್ ಕೊಡೂದಿಲ್ಲೆ, ಹೋಯ್ನಿ" ಎಂದು ಮೀನನ್ನು ಆಟೋ ರಿಕ್ಷಾಕ್ಕೆ ಹಾಕಿಕೊಂಡು ಮನೆಗೆ ಬಂದಳು. ಅವತ್ತು ಆದಷ್ಟು ಸಂತೋಷ ತನಗೆ ಮದುವೆಯ ದಿನವೂ ಆಗಿರಲಿಲ್ಲ ಎಂದು ಈಗಲೂ ಹೇಳುತ್ತಾಳೆ, ಅದೂ ತಿಮ್ಮನ ಎದುರಿನಲ್ಲೇ. ಜೂನ್ ಬಂದು ಬೋಟುಗಳೆಲ್ಲ ದಡ ಸೇರಿದರೆ, ಎರಡು ತಿಂಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆಗ ಬಾಗಿಯ ಫ್ರೀಜರಿನಲ್ಲಿ ಅಂಜಲ್ ಇರುತ್ತಿತ್ತು, ಸಿಗಡಿ ಇರುತ್ತಿತ್ತು. ಮಳೆಗಾಲದ ಅನ್ನ ಆ ಪೆಟ್ಟಿಗೆಯಿಂದಲೇ ಬರುತ್ತಿತ್ತು.

ಕರೆಂಟು ಒಮ್ಮೆ ಏರುತ್ತಿತ್ತು, ಒಮ್ಮೆ ಇಳಿಯುತ್ತಿತ್ತು. ಸ್ಟೆಬಿಲೈಸರ್ ಹಾಕದಿದ್ದರೆ ಫ್ರೀಜರ್ ಉಳಿಯುವುದಿಲ್ಲ ಎಂದು ಎಲ್ಲರೂ ಹೆದರಿಸಿದರು. ಬೈಂದೂರು ಪೇಟೆಯಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟ ರವಿಚಂದ್ರನ ಮನೆಗೆ ಬಾಗಿ ಬುಟ್ಟಿ ಹೊರುತ್ತಿದ್ದ ಕಾಲದಿಂದಲೂ ಮೀನು ಕೊಡುತ್ತಿದ್ದವಳು. ಅವನ ಹೆಂಡತಿ ವನಜ ಕೈಯಲ್ಲಿ ದುಡ್ಡಿದ್ದರೆ ಕೊಡುವಳು, ಇಲ್ಲದಿದ್ದರೆ ಲೆಕ್ಕಕ್ಕೆ ಹಿಡಿಯುವಳು. ಒಂದು ದಿನ ವನಜಳೇ ಫೋನಿಗೆ ಮಾತು ರೆಕಾರ್ಡ್ ಮಾಡಿ ಕಳಿಸಿದಳು: "ಬಾಗಿಯಕ್ಕ, ಹೊಸ ಸ್ಟೆಬಿಲೈಸರ್ ಬಂದಿತ್. ಮೀನಿನ ಲೆಕ್ಕ ಬಾಕಿ ಇತ್ತಲೆ, ಅದಕ್ಕೆ ಒಂದ್ ತಕಂಡ್ ಹೋಯ್ನಿ." ಬಾಗಿ ತಂದಳು. ಬಿಲ್ಲು ಕೇಳಲಿಲ್ಲ. ಅವಳ ಲೋಕದಲ್ಲಿ ಬಿಲ್ಲೆಂಬುದೇ ಇಲ್ಲ. ಮೀನು ಕೊಟ್ಟಾಯಿತು, ಅವರು ತಿಂದಾಯಿತು, ಬದಲಿಗೆ ಒಂದು ಪೆಟ್ಟಿಗೆ ಬಂತು. ಅಲ್ಲಿಗೆ ವ್ಯವಹಾರ ಚೊಕ್ಕ.

ಮೇ ತಿಂಗಳ ಕೊನೆ. ಮಳೆಗಾಲಕ್ಕೆಂದು ಫ್ರೀಜರ್ ತುಂಬಿ ಮುಚ್ಚಳ ಹಾಕಲು ಜಾಗವಿರಲಿಲ್ಲ. ಬಾಗಿ ಮಾರ್ಕೆಟ್ಟಿಗೆ ಹೋಗಿದ್ದಳು, ತಿಮ್ಮ ಕುಂದಾಪುರದ ಡಾಕ್ಟರ ಹತ್ತಿರ ಮಂಡಿ ತೋರಿಸಲು ಹೋದವನು ಅಲ್ಲೇ ತಂಗಿಯ ಮನೆಯಲ್ಲಿ ಉಳಿದಿದ್ದ. ಸಂಜೆ ಬಾಗಿಲು ತೆಗೆದರೆ ಮನೆ ತುಂಬ ಸುಟ್ಟ ವಾಸನೆ. ಸ್ಟೆಬಿಲೈಸರ್ ಕಪ್ಪಗಾಗಿ ಕರಗಿತ್ತು, ಫ್ರೀಜರಿನಿಂದ ನೀರು ಇಳಿದು ಅಡುಗೆಮನೆಯವರೆಗೆ ಹರಿದಿತ್ತು. ಮರುದಿನ ರಿಪೇರಿಯವನು ಬಂದು ನೋಡಿ, ಸ್ಟೆಬಿಲೈಸರೇ ಕೆಟ್ಟದ್ದು, ಅದೇ ಹೆಚ್ಚು ಕರೆಂಟು ಬಿಟ್ಟು ಕಂಪ್ರೆಸರನ್ನು ಸುಟ್ಟುಹಾಕಿದೆ, ಇನ್ನು ಇದು ಗುಜರಿಗೇ ಎಂದ. ಅಷ್ಟರಲ್ಲಿ ನಾರತೊಡಗಿದ್ದ ಮೀನನ್ನೆಲ್ಲ ತೆಂಗಿನ ಬುಡದಲ್ಲಿ ಹುಗಿದರು. ಬಾಗಿ ಅತ್ತಳು. ಸೆರಗು ಬಾಯಿಗೆ ಹಿಡಿದು ಅಳುವ ಜಾತಿಯಲ್ಲ ಅವಳು, ಕೇರಿಗೆಲ್ಲ ಕೇಳುವಂತೆ ಅತ್ತಳು. ಅತ್ತು ಮುಗಿಸಿ ಮುಖ ತೊಳೆದು, ಸುಟ್ಟ ಸ್ಟೆಬಿಲೈಸರನ್ನು ಚೀಲಕ್ಕೆ ತುಂಬಿಕೊಂಡು ಬೈಂದೂರು ಬಸ್ಸು ಹತ್ತಿದಳು.

ರವಿಚಂದ್ರ ಅದನ್ನು ತಿರುವಿ ಮುರುವಿ ನೋಡಿದ. "ಬಾಗಿಯಕ್ಕ, ಪಾಪ ಅಂತ ಬೇರೆ ಸ್ಟೆಬಿಲೈಸರ್ ಬೇಕಾರೆ ಕೊಡ್ತೆ. ಫ್ರೀಜರ್ ಹಾಳಾದ್ದಕ್ಕೆ ನಾ ಎಂತ ಮಾಡೂದ್? ನಾ ಮಾರೂದ್ ಅಷ್ಟೇ. ಕಂಪನಿಯವ್ರನ್ನ್ ಕೇಣಿ."

"ಕಂಪನಿಯವ್ರ್ ನಂಗೆ ನೆಂಟ್ರಾ? ನಾ ತಕಂಡದ್ದ್ ನಿಮ್ಮತ್ರ. ನನ್ನ ಮೀನ್ ಹಾಳಾದ್ರೆ, ಸಮುದ್ರದತ್ರ ಹೋಯಿ ಕೇಣಿ ಅಂತ ನಾ ಯಾವತ್ತಾರೂ ಹೇಳಿದ್ನಾ?"

"ಬಿಲ್ ಇತ್ತಾ ನಿಮ್ಮತ್ರ? ಇದ್ ನಮ್ಮ ಅಂಗ್ಡಿದೇ ಅಂತ ಎಂತ ಗ್ಯಾರಂಟಿ?"

ಅಬ್ಬಾ! ಅವಳ ಮೀನು ತಿಂದು ಮೈ ಬೆಳೆಸಿದ ಮನುಷ್ಯ ಕೇಳುವ ಮಾತೇ ಇದು! ಬಾಗಿಯ ಮೈ ಉರಿದುಹೋಯಿತು. "ಮೀನ್ ತಿಂಬೊತ್ತಿಗೆ ಬಿಲ್ ಕೇಂಡಿದ್ರ್ಯಾ?" ಎಂದವಳು, ಕೌಂಟರಿನಲ್ಲಿ ಕುಳಿತಿದ್ದ ವನಜಳ ಕಡೆ ತಿರುಗಿದಳು.

ಹಿಂದಿನ ವರ್ಷ ವನಜಳ ಅಣ್ಣನ ಮನೆಯವರು ಊಟಕ್ಕೆ ಬಂದ ದಿನ ಬಾಗಿ ಕೊಟ್ಟ ಬಂಗುಡೆ ಕೆಟ್ಟಿತ್ತು. ಗೊತ್ತಾದದ್ದು ಸಾರು ಕುದಿಯುವಾಗ. ಕಾಯಿ ರುಬ್ಬಿ ಹಾಕಿದ ಸಾರನ್ನೆಲ್ಲ ಚೆಲ್ಲಬೇಕಾಯಿತು. ಮರುದಿನ ಬಾಗಿ ಬೇರೆ ಬಂಗುಡೆ ತಂದದ್ದಷ್ಟೇ ಅಲ್ಲ, ಒಂದು ತೆಂಗಿನಕಾಯಿ, ಒಂದು ಹಿಡಿ ಒಣಮೆಣಸನ್ನೂ ತಂದು ಅಡುಗೆಮನೆಯ ಬಾಗಿಲಲ್ಲಿ ಇಟ್ಟಿದ್ದಳು. ಇದು ಅವಳ ಅತ್ತೆ ಕಲಿಸಿದ ಕ್ರಮ. ಕೆಟ್ಟ ಮೀನು ಕೊಟ್ಟವಳು ಸಾರಿನ ಕಾಯಿಯನ್ನೂ ಕೊಡಬೇಕು.

"ಹೇಳಿ ವನಜಕ್ಕ, ಮೀನ್ ಹಾಳಾದ್ದಕ್ಕೆ ಮೀನ್ ಕೊಟ್ಟೆ. ಸಾರ್ ಹಾಳಾದ್ದಕ್ಕೆ ಕಾಯಿ ಕೊಟ್ಟೆ. ಕಾಯಿಗೂ ನಂಗೂ ಸಂಬಂಧ ಇಲ್ಲೆ ಅಂತ ಹೇಳಿದ್ನಾ?"

ವನಜ ಲೆಕ್ಕದ ಪುಸ್ತಕ ತೆರೆದು ಹಾಳೆ ತಿರುವಿದಳು. ರವಿಚಂದ್ರನೇ ಉತ್ತರ ಕೊಟ್ಟ. "ಮೀನ್ ವ್ಯಾಪಾರವೂ ಇದೂ ಒಂದೇ ಅಲ್ಲ ಬಾಗಿಯಕ್ಕ."

"ಹೌದ್, ಒಂದೇ ಅಲ್ಲ. ಮೀನ್ ಮಾರೂವ್ರಿಗೆ ಮಾನ ಇತ್ತ್!" ಎಂದು ಬಾಗಿ ಚೀಲ ಎತ್ತಿಕೊಂಡು ಹೊರಬಿದ್ದಳು.

ಬಾಗಿಯ ತಂಗಿಯ ಮಗಳು ಸೌಮ್ಯಶ್ರೀ ಕುಂದಾಪುರದ ಒಬ್ಬ ವಕೀಲರ ಆಫೀಸಿನಲ್ಲಿ ಕೆಲಸಕ್ಕಿದ್ದಾಳೆ. ಸುದ್ದಿ ತಿಳಿದು ಬಂದ ಅವಳು ದೊಡ್ಡಮ್ಮನ ಫೋನು ತೆಗೆದುಕೊಂಡು ವನಜ ಕಳಿಸಿದ ಮಾತನ್ನು ಕೇಳಿದಳು. "ಇದ್ ಸಾಕ್ ದೊಡ್ಡಮ್ಮ. ಅವ್ರ್ ಮಾರಿದ್ ಸಾಮಾನಿಂದ ನಿನ್ನ ಬೇರೆ ಸಾಮಾನ್ ಹಾಳಾದ್ರೆ ಅದಕ್ಕೂ ಪರಿಹಾರ ಕೇಂಬುಕಾತ್. ಉಡುಪಿಯೊಳ್ಗೆ ಗ್ರಾಹಕರ ಆಯೋಗ ಇತ್ತ್. ಮೊದ್ಲ್ ಒಂದ್ ನೋಟಿಸ್ ಕಳ್ಸುವ."

"ಅವ್ರ್ ದೊಡ್ಡವ್ರ್ ಹೆಣೆ, ನಮ್ಗೆ ಕೋರ್ಟ್ ಗೀರ್ಟ್ ಎಂತಕೆ?" ಎಂದ ತಿಮ್ಮ.

"ದೊಡ್ಡವ್ರ್ ಅಂದ್ರೆ ಸುಟ್ಟದ್ದ್ ವಾಪಸ್ ಬತ್ತಾ? ಕಳ್ಸ್ ನೀನ್" ಎಂದಳು ಬಾಗಿ.

ನೋಟಿಸು ಮುಟ್ಟಿದ ವಾರದೊಳಗೆ ರವಿಚಂದ್ರ ತಾನೇ ಕಾರು ತೆಗೆದುಕೊಂಡು ಉಪ್ಪುಂದಕ್ಕೆ ಬಂದ. ನೋಟಿಸಿನ ಸುದ್ದಿಯೇ ಎತ್ತಲಿಲ್ಲ. ಜಗಲಿಯಲ್ಲಿ ಕುಳಿತು ಚಹಾ ಕುಡಿದ, ತಿಮ್ಮನ ಮಂಡಿ ವಿಚಾರಿಸಿದ. "ನಾಡಿದ್ದ್ ಅಂಗ್ಡಿಗೆ ಹತ್ತ್ ವರ್ಷ ತುಂಬ್ತ್. ಸಣ್ಣ ಕಾರ್ಯಕ್ರಮ ಇತ್ತ್. ಇಬ್ರೂ ಬನ್ನಿ. ಹೊಸ ಫ್ರೀಜರೇ ಕೊಡ್ತೆ" ಎಂದ. ಕಾಗದಕ್ಕೆ ಹೆದರಿ ದಾರಿಗೆ ಬಂದನಲ್ಲ ಎಂದು ಬಾಗಿ ಹಿಗ್ಗಿದಳು. ಹಸಿರು ಸೀರೆ ಉಟ್ಟು, ಮುಡಿಗೆ ಹೂವಿಟ್ಟು ಹೊರಟಳು.

ಹೋಗಿ ನೋಡಿದರೆ ಅಂಗಡಿಯ ಮುಂದೆ ಶಾಮಿಯಾನ, ಕುರ್ಚಿ, ಮೈಕು. ಹೊಸ ಫ್ರೀಜರಿಗೆ ಕೆಂಪು ರಿಬ್ಬನ್ನು ಸುತ್ತಿದ್ದರು. ಅದರ ಮೇಲೊಂದು ಬ್ಯಾನರು. ಬಾಗಿ ಮೂರನೇ ಕ್ಲಾಸು ಓದಿದವಳು, ಅಕ್ಷರ ಕೂಡಿಸಿ ಓದಿದಳು: 'ಬಡ ಮೀನುಗಾರ ಮಹಿಳೆಗೆ ಉಚಿತ ಫ್ರೀಜರ್ ದಾನ.' ಪಕ್ಕದಲ್ಲಿ ರವಿಚಂದ್ರ ಕೈ ಮುಗಿದು ನಿಂತ ದೊಡ್ಡ ಫೋಟೋ. ಅವಳ ಕೈಗೆ ಒಂದು ಕಾಗದ ಕೊಟ್ಟು ಸಹಿ ಹಾಕಲು ಹೇಳಿದರು. ಫ್ರೀಜರನ್ನು ದಾನವಾಗಿ ಪಡೆದಿದ್ದೇನೆ, ಅಂಗಡಿಯ ಮೇಲೆ ನನ್ನದು ಯಾವ ತಕರಾರೂ ಇಲ್ಲ ಎಂದಿತ್ತು ಅದರಲ್ಲಿ.

ತಿಮ್ಮ ಅವಳ ಸೆರಗು ಎಳೆದ. "ಹಾಕ್ ಹೆಣೆ ಸಹಿ. ಮಳಿಗಾಲ ಇಡೀ ಎಂತ ತಿಂಬೂದ್? ಸಂಘದ ಸಾಲ ಯಾರ್ ಕಟ್ಟೂದ್?"

ಸುಳ್ಳಲ್ಲ, ಬಾಗಿಗೆ ಹೆದರಿಕೆಯಾಯಿತು. ಕಡಲು ಮುಚ್ಚಿ ಆಗಲೇ ಹತ್ತು ದಿನವಾಗಿತ್ತು. ಫ್ರೀಜರ್ ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿತ್ತು. ಸಹಿ ಹಾಕಿದರೆ ಸಂಜೆಯೊಳಗೆ ಮನೆಯಲ್ಲಿ ಇರುತ್ತದೆ, ದಡದ ಹತ್ತಿರ ನಾಡದೋಣಿಯವರು ಹಿಡಿಯುವ ಮೀನನ್ನಾದರೂ ತುಂಬಿಸಬಹುದು. ಹಾಕದಿದ್ದರೆ ಉಡುಪಿಗೆ ಎಷ್ಟು ಸಲ ಅಲೆಯಬೇಕೋ, ಯಾವಾಗ ತೀರ್ಮಾನವಾಗುತ್ತದೋ ದೇವರಿಗೇ ಗೊತ್ತು. ಪೆನ್ನು ಹಿಡಿದಳು ಕೂಡ. ಅಷ್ಟರಲ್ಲಿ ಮೈಕಿನಲ್ಲಿ ಯಾರೋ, "ಇಂಥ ನಿರ್ಗತಿಕರ ಕಣ್ಣೀರು ಒರೆಸುವ ನಮ್ಮ ರವಿಯಣ್ಣ" ಎಂದರು.

ನಿರ್ಗತಿಕಳು! ಬಾಗಿ ಪೆನ್ನನ್ನು ಮೇಜಿನ ಮೇಲೆ ಕುಕ್ಕಿ, ಸೀದಾ ಹೋಗಿ ಮೈಕು ಕಿತ್ತುಕೊಂಡಳು.

"ಹ್ವಾಯ್, ಎಲ್ಲರೂ ಸ್ವಲ್ಪ ಕೇಣಿ. ನಾ ಬೇಡುಕೆ ಬಂದವ್ಳಲ್ಲ. ನಂಗೆ ಫ್ರೀಜರ್ ಇದ್ದಿತ್, ನಾ ದುಡಿದ್ ತಕಂಡದ್ದ್. ಈ ಅಂಗ್ಡಿಯ ಸ್ಟೆಬಿಲೈಸರ್ ಅದನ್ನ ಸುಟ್ಟ್ ಹಾಕ್ತ್. ಅದ್ರ ಬದ್ಲಿಗೆ ಕೊಡ್ತ್ರಿ ಅಂದ್ರೆ ತಕಂತೆ. ದಾನ ಅಂದ್ರೆ ನಂಗೆ ಬ್ಯಾಡ, ನಿಮ್ಮ ಫ್ರೀಜರ್ ನೀವೇ ಇಟ್ಕಣಿ!"

ಎದುರು ಸಾಲಿನಲ್ಲಿ ಕುಳಿತಿದ್ದ ಐಸ್‌ಕ್ರೀಮ್ ಅಂಗಡಿಯ ದೇವು ನಿಧಾನಕ್ಕೆ ಎದ್ದು ನಿಂತ. "ರವಿಯಣ್ಣ, ನಾನೂ ಅದೇ ಸ್ಟೆಬಿಲೈಸರ್ ಅಲ್ದಾ ತಕಂಡ್ ಹೋದ್ದ್? ನಮ್ಮ ಪೆಟ್ಟಿಗಿ ಗತಿ ಎಂತ ಹಂಗಾರೆ?" ಹಿಂದಿನಿಂದ ಇನ್ನೊಬ್ಬರು, "ನಮ್ಮನಿಯೊಳ್ಗೂ ಅದೇ ಇತ್ತಲೆ!" ಎಂದರು.

ರವಿಚಂದ್ರ ಬೆವರು ಒರೆಸಿಕೊಳ್ಳುತ್ತ, ಬಾಗಿಯಕ್ಕನಿಗೆ ಏನೋ ತಪ್ಪು ತಿಳುವಳಿಕೆಯಾಗಿದೆ ಎಂದು ಶುರುಮಾಡಿದ. ಮುಗಿಸಲು ಪಕ್ಕದಲ್ಲಿದ್ದ ವನಜ ಬಿಡಲಿಲ್ಲ. "ತಪ್ಪ್ ತಿಳುವಳ್ಕೆ ಎಂತದೂ ಇಲ್ಲೆ. ಅದ್ ನಮ್ಮ ಅಂಗ್ಡಿದೇ, ನಾನೇ ಕರ್ದ್ ಕೊಟ್ಟದ್ದ್" ಎಂದಳು.

ರವಿಚಂದ್ರ ಹೆಂಡತಿಯನ್ನು ನೋಡಿದ, ಜನರನ್ನು ನೋಡಿದ. ಬಾಗಿ ಮೈಕನ್ನು ಅವನ ಮುಖಕ್ಕೆ ಹಿಡಿದಳು. "ವನಜಕ್ಕ ಹೇಳಿದ್ದ್ ಸಾಕಾತಿಲ್ಲೆ. ನೀವ್ ಹೇಳ್ಕ್."

ಬೇರೆ ದಾರಿಯಿರಲಿಲ್ಲ. ಆ ಸ್ಟೆಬಿಲೈಸರಿನಲ್ಲಿ ದೋಷವಿದ್ದದ್ದು ಹೌದು, ಬಾಗಿಯಕ್ಕನ ಫ್ರೀಜರ್ ಅದರಿಂದಲೇ ಹಾಳಾದದ್ದು, ಕೊಂಡವರೆಲ್ಲ ವಾಪಸು ತರಬೇಕು ಎಂದು ರವಿಚಂದ್ರ ಹತ್ತು ವರ್ಷದ ಅಂಗಡಿಯ ಮುಂದೆ ನಿಂತು ಹೇಳಿದ. ಕಾಗದದಲ್ಲಿ 'ದಾನವಾಗಿ' ಎಂದಿದ್ದನ್ನು ಹೊಡೆದುಹಾಕಿ 'ಹಾಳಾದ ಫ್ರೀಜರಿನ ಬದಲಿಗೆ' ಎಂದು ಬರೆದುಕೊಟ್ಟ. ಆಗ ಬಾಗಿ ಸಹಿ ಹಾಕಿದಳು. ರಿಬ್ಬನ್ನನ್ನೂ ಬ್ಯಾನರನ್ನೂ ಕಿತ್ತು ಅಲ್ಲೇ ಬಿಟ್ಟು, ಫ್ರೀಜರನ್ನು ಗೂಡ್ಸ್ ರಿಕ್ಷಾಕ್ಕೆ ಏರಿಸಿದಳು.

ರಿಕ್ಷಾ ಹೆದ್ದಾರಿಗೆ ಬಂದ ಮೇಲೂ ತಿಮ್ಮ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದ. "ಅಷ್ಟ್ ದೊಡ್ಡ ಸಾಮಾನ್ ಕೊಟ್ರ್. ಬಪ್ಪೊತ್ತಿಗೆ ಒಂದ್ ಕೈ ಆದ್ರೂ ಮುಗಿದ್ ಬಪ್ಪುಕಾಗ್ದಾ ನಿಂಗೆ?"

ಬಾಗಿ ಅಲುಗಾಡುತ್ತಿದ್ದ ಫ್ರೀಜರನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ನಂದ್ ನಂಗೆ ಬಂತ್. ಅದಕ್ಕೆ ಕೈ ಬೇರೆ ಮುಗಿಕಾ?"