ಕೇಳದೆ ತಂದ ಕ್ಯಾಮೆರಾ

ಎರಡು ವರ್ಷ ನಾನು ಒಂದು ಕ್ಯಾಮೆರಾಗೆ ಕಾದೆ. ದುಡ್ಡಿಲ್ಲದೆ ಕಾದದ್ದಲ್ಲ, ಹೊಸ ಮಾಡೆಲ್ ಬರಲಿ ಅಂತ ಕಾದದ್ದು. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಒಂದು ಲ್ಯಾಬಿನಲ್ಲಿ ನಾನು ಟೆಕ್ನೀಶಿಯನ್. ದಿನವಿಡೀ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂರುವವಳಿಗೆ ಯಾವ ಲೆನ್ಸ್ ಅಂಚಿನಲ್ಲಿ ಮಸುಕಾಗುತ್ತದೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಭಾನುವಾರ ಬೆಳಿಗ್ಗೆ ಸ್ಕೂಟಿ ಹತ್ತಿ ಹರಿಹರದ ಹೊಳೆದಂಡೆಗೆ ಹೋಗಿ ಹಕ್ಕಿ ನೋಡುವುದು ನನ್ನ ಹುಚ್ಚು. ಅಲ್ಲೊಂದು ಕಪ್ಪು-ಬಿಳಿ ಮಿಂಚುಳ್ಳಿ ಬರುತ್ತಿತ್ತು. ನೀರಿನ ಮೇಲೆ ಗಾಳಿಯಲ್ಲೇ ನಿಂತು ರೆಕ್ಕೆ ಬಡಿದು, ಕಣ್ಣು ಮಿಟುಕಿಸುವಷ್ಟರಲ್ಲಿ ಕಲ್ಲು ಬಿದ್ದಂಗೆ ಕೆಳಗೆ ಬೀಳುತ್ತಿತ್ತು. ಆ ಬೀಳುವ ಗಳಿಗೆ ನನಗೆ ಬೇಕಿತ್ತು.

ಅಂಗಡಿಗಳಲ್ಲಿದ್ದ ಮಾಡೆಲ್ಲು ಹಕ್ಕಿ ಚಿತ್ರದ ನಟ್ಟನಡುವೆ ಇದ್ದರೆ ಮಾತ್ರ ಫೋಕಸ್ ಹಿಡಿಯುತ್ತಿತ್ತು. ಬರಲಿರುವುದು ಅಂಚಿನಲ್ಲೂ ಹಿಡಿಯುತ್ತದೆ, ಒಂದು ಸೆಕೆಂಡಿಗೆ ಇನ್ನೂ ಹೆಚ್ಚು ಫೋಟೊ ತೆಗೆಯುತ್ತದೆ ಅಂತ ಸುದ್ದಿ. ಊಟದ ಬಿಡುವಿನಲ್ಲಿ ಮೊಬೈಲಿನಲ್ಲಿ ಓದುತ್ತಿದ್ದೆ. ಹಳೇ ನೋಟುಬುಕ್ಕಿನಲ್ಲಿ ಗೆರೆ ಎಳೆದು ಎಡಕ್ಕೆ ಹಳೇದು, ಬಲಕ್ಕೆ ಹೊಸದು ಅಂತ ಬರೆದಿಟ್ಟಿದ್ದೆ. ಲೆನ್ಸಿನದೇ ಬೇರೆ ಹಾಳೆ: ಜೂಮ್ ಇರುವುದೋ, ಜೂಮ್ ಇಲ್ಲದಿದ್ದರೂ ದೂರದ್ದನ್ನು ಹತ್ತಿರ ತರುವ ಮುನ್ನೂರು ಎಂ.ಎಂ.ನದೋ. ನಿಜ ಹೇಳಬೇಕೆಂದರೆ ಆ ಕಾಯುವುದರಲ್ಲೇ ಒಂದು ಸುಖವಿತ್ತು.

ಒಮ್ಮೆ ನಮ್ಮನೆಯವರನ್ನೂ ಕರೆದುಕೊಂಡು ಕ್ಯಾಮೆರಾ ಅಂಗಡಿಗೆ ಹೋದೆ. ಅವರದು ಮಂಡಿಪೇಟೆಯಲ್ಲಿ ಮೆಣಸಿನಕಾಯಿ ವ್ಯಾಪಾರ. ಹಾರುವ ಹಕ್ಕಿ ತೆಗೆಯಬೇಕು ಅಂತ ಹೇಳಿ ಪ್ರಶ್ನೆ ಕೇಳಿದವಳು ನಾನು. ಅಂಗಡಿಯವನು ಉತ್ತರ ಕೊಟ್ಟದ್ದು ಅವರಿಗೆ. ನಾನು ಕೇಳಿದ ಲೆನ್ಸನ್ನು ತೆಗೆದು ಅವರ ಕೈಗೇ ಇಟ್ಟ.

"ಮೇಡಂಗೆ ಇಷ್ಟು ಭಾರ ಬ್ಯಾಡ ಅಣ್ಣಾರೆ. ಹಗೂರದ್ದು ಕೊಡ್ತೀನಿ, ಮನೇಲಿ ಹಬ್ಬ-ಹುಣ್ಣಿಮೆಗೆ ಸಾಕು."

"ಹೌದ್ರಿ, ಹೌದ್ರಿ" ಅಂದರು ನಮ್ಮನೆಯವರು. ಲೆನ್ಸನ್ನು ತಲೆಕೆಳಗಾಗಿ ಹಿಡಿದಿದ್ದರು.

"ಹೊಸ ಮಾಡೆಲ್ ಯಾವಾಗ ಬರುತ್ತೆ?" ಅಂತ ಕೇಳಿದೆ.

"ಅದು ಇಂಡಿಯಾಕ್ಕೆ ಬರಂಗೇ ಇಲ್ಲ ಬಿಡ್ರಿ ಅಕ್ಕಾ" ಅಂದ, ನನ್ನ ಮುಖ ನೋಡದೆ.

ಸುಳ್ಳು ಅಂತ ನನಗೆ ಗೊತ್ತಿತ್ತು. ಸುಮ್ಮನೆ ಎದ್ದು ಬಂದೆ.

ಅದಾಗಿ ಮೂರು ವಾರಕ್ಕೆ ನಮ್ಮ ಮದುವೆಯ ವಾರ್ಷಿಕೋತ್ಸವ. ಅತ್ತೆ, ನಾದಿನಿ, ಅವಳ ಗಂಡ, ಎಲ್ಲರೂ ಬಂದಿದ್ದರು. ಊಟವಾದ ಮೇಲೆ ನಮ್ಮನೆಯವರು ಬಣ್ಣದ ಕಾಗದ ಸುತ್ತಿದ ದೊಡ್ಡ ಡಬ್ಬಿ ತಂದು ನನ್ನ ಮಡಿಲಿಗಿಟ್ಟರು. ಬಿಚ್ಚಿದೆ. ಅದೇ ಹಳೇ ಮಾಡೆಲ್ಲು. ಜೊತೆಗೆ ಎರಡು ಸಣ್ಣ ಜೂಮು, ಪುಕ್ಕಟೆ ಚೀಲ, ಪುಕ್ಕಟೆ ಸ್ಟ್ಯಾಂಡು.

"ಎಂಥಾ ಗಂಡ ಸಿಕ್ಕಾನ ನೋಡು ನಿಂಗೆ!" ಅಂದಳು ನಾದಿನಿ. ಅತ್ತೆ ದೃಷ್ಟಿ ತೆಗೆದರು. ನಾನು ನಕ್ಕೆ. ಎಲ್ಲರನ್ನೂ ಸಾಲಾಗಿ ಕೂರಿಸಿ ಫೋಟೊ ಕೂಡ ತೆಗೆದೆ.

ಬೆಳಿಗ್ಗೆ ಕಾಫಿ ಕೊಡುವಾಗ ಹೇಳಿದೆ. "ರೀ, ಇದು ನಾನು ಕೇಳಿದ್ದಲ್ಲ."

"ಕ್ಯಾಮ್ರಾ ಅಂದ್ರೆ ಕ್ಯಾಮ್ರಾನೇ ಅಲ್ಲೇನು? ಎರಡು ಲೆನ್ಸ್ ಬೇರೆ ಅದಾವು."

"ಬ್ಯಾಡಗಿ ಕಾಯಿ ಕೇಳಿ ಬಂದೋರಿಗೆ ಗುಂಟೂರು ಕಾಯಿ ತುಂಬಿಕೊಟ್ಟು, ಕಾಯಿ ಅಂದ್ರೆ ಕಾಯಿನೇ ಅಂತೀರೇನು ನೀವು?"

ಅವರು ಲೋಟ ಕೆಳಗಿಟ್ಟು ಅಂಗಡಿಗೆ ಹೊರಟುಹೋದರು.

ಆ ದಿನವೇ ಡಬ್ಬಿ ಎತ್ತಿಕೊಂಡು ನಾನೊಬ್ಬಳೇ ಕ್ಯಾಮೆರಾ ಅಂಗಡಿಗೆ ಹೋದೆ. "ಸೀಲ್ ಒಡದೈತಲ್ಲಕ್ಕಾ, ವಾಪಸ್ ತಗಳಂಗಿಲ್ಲ" ಅಂದ ಅವನು. "ಬೇಕಾರೆ ಅಣ್ಣಾರ್ನ ಕಳಸ್ರಿ, ಅವರ ಹತ್ರ ಮಾತಾಡ್ತೀನಿ."

"ಯಾಕ? ಇದನ್ನ ಹಿಡಿಯೋದು ಅವರಾ, ನಾನಾ?" ನನ್ನ ದನಿ ಏರಿತು. "ಹಾರೋ ಹಕ್ಕಿ ತೆಗೀಬೇಕು ಅಂತ ನಿಮ್ಮೆದುರೇ ಹೇಳಿದ್ದೆ. ಈ ಲೆನ್ಸಲ್ಲಿ ಹೊಳೆಯಾಚೆ ಕಡೆ ಹಕ್ಕಿ ಎಷ್ಟು ಕಾಣುತ್ತೆ, ಹೇಳ್ರಿ ನೋಡನ."

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆದರೂ ಅವನು ಕ್ಯಾಮೆರಾ ವಾಪಸ್ ತೆಗೆದುಕೊಳ್ಳಲಿಲ್ಲ. ಮೆಟ್ಟಿಲಿಳಿಯುವಾಗ ಕಣ್ಣಲ್ಲಿ ನೀರು ಬಂತು. ಅಳು ಬಂದದ್ದಕ್ಕೂ ಸಿಟ್ಟು.

ಎರಡು ತಿಂಗಳಿಗೆ ಹೊಸ ಮಾಡೆಲ್ಲು ಬಂತು. ಅದೇ ಅಂಗಡಿಯ ಗಾಜಿನ ಮೇಲೆ ಆಳುದ್ದದ ಚಿತ್ರ ಅಂಟಿಸಿದ್ದರು. ಲ್ಯಾಬಿಗೆ ಹೋಗುವ ದಾರಿಯಲ್ಲೇ ಇತ್ತು ಅದು. ಒಂದು ಕ್ಯಾಮೆರಾ ಮನೆಯಲ್ಲಿ ಬಿದ್ದಿರುವಾಗ ಇನ್ನೊಂದಕ್ಕೆ ಅಷ್ಟು ದುಡ್ಡು ಸುರಿಯಲು ಮನಸ್ಸು ಬರಲಿಲ್ಲ. ಒಂದು ತಿಂಗಳು ದಾರಿ ಬದಲಿಸಿ ಹೋದೆ.

ಕೊನೆಗೆ ಹರಿಹರದ ಒಬ್ಬ ಮದುವೆ ಫೋಟೊಗ್ರಾಫರ್ ಹತ್ತಿರ ಹೋದೆ. ಅವರ ಹೆಂಡತಿ ನಮ್ಮ ಲ್ಯಾಬಿಗೆ ರಕ್ತಪರೀಕ್ಷೆಗೆ ಬರುತ್ತಿದ್ದರು, ಹಾಗೆ ಗುರುತು. ನನ್ನ ಕಥೆಯನ್ನೆಲ್ಲ ಕೇಳಿ ಫೋಟೊಗ್ರಾಫರ್ ಒಳಗಿನಿಂದ ಜೂಮ್ ಇಲ್ಲದ ಮುನ್ನೂರರ ಲೆನ್ಸು, ಬಳಸಿ ಸವೆದ ಒಂದು ಕ್ಯಾಮೆರಾ ಬಾಡಿ ತಂದರು. "ಮೊದ್ಲು ಹೊಳೆಗೆ ಒಯ್ದು ನೋಡ್ರಿ ಬೆಹೆನ್. ಪಸಂದ್ ಆಗಲಿಲ್ಲಂದ್ರೆ ಬ್ಯಾಡ" ಅಂದರು. ಬಾಡಿ ಹಳೇದೇ, ಆದರೆ ಒಂದು ಕಾಲಕ್ಕೆ ದೊಡ್ಡ ದರ್ಜೆಯದು. ಅಂಚಿನ ಹಕ್ಕಿಯನ್ನೂ ಬಿಡದೆ ಹಿಡಿಯಿತು. ನನ್ನ ಡಬ್ಬಿಯನ್ನು ಪುಕ್ಕಟೆ ಚೀಲದ ಸಮೇತ ಅವರಿಗೆ ಕೊಟ್ಟು, ಇದನ್ನು ತಂದೆ.

"ನಾನು ಕೊಟ್ಟಿದ್ದನ್ನ ಮಾರಿಬಿಟ್ಟೆಯಾ?" ಅಂದರು ನಮ್ಮನೆಯವರು.

ಕೆಲವು ವಾರದ ಮೇಲೆ ಹತ್ತಿರದ ಬಾತಿ ಊರಿನಲ್ಲಿರುವ ಅವರ ದೊಡ್ಡಮ್ಮನ ಮನೆಗೆ ಊಟಕ್ಕೆ ಹೋಗಿದ್ದೆವು. ಎಲ್ಲರೂ ಕೂತಿದ್ದಾಗ ಅವರೇ ನಗುತ್ತ ಶುರು ಮಾಡಿದರು. "ಇವಳಿಗೆ ಏನು ಕೊಟ್ರೂ ಸಮಾಧಾನ ಇಲ್ಲ ದೊಡ್ಡಮ್ಮ. ಹೊಸ ಕ್ಯಾಮ್ರಾ ಕೊಟ್ರೆ ಹಳೇದು ತಂದಾಳ."

ಎಲ್ಲರೂ ನಕ್ಕರು. ಈ ಸಲ ನಾನು ನಗಲಿಲ್ಲ.

"ಎರಡು ವರ್ಷ ಓದಿ ಆರಿಸಿದ್ದೆ ದೊಡ್ಡಮ್ಮ. ಇವರು ನನ್ನ ಒಂದು ಮಾತೂ ಕೇಳಲಿಲ್ಲ. ಅಂಗಡಿಯವನನ್ನ ಕೇಳಿ ತಂದರು."

ದೊಡ್ಡಮ್ಮ ಕೈಯಲ್ಲಿದ್ದ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿ, ನಮ್ಮನೆಯವರ ಕಡೆ ತಿರುಗಿದರು. "ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?"

ಅವರು ತಲೆ ತಗ್ಗಿಸಿ ಉಂಡರು. ಇವತ್ತಿಗೂ ಆ ವಿಷಯಕ್ಕೆ ತಪ್ಪಾಯಿತು ಅಂದವರಲ್ಲ. ಮಿಂಚುಳ್ಳಿ ಮಾತ್ರ ಮುಂದಿನ ಚಳಿಗಾಲದಲ್ಲಿ ಸಿಕ್ಕಿತು. ನೀರಿಗೆ ಮೊಳದಷ್ಟು ಮೇಲೆ, ಕೊಕ್ಕು ಕೆಳಗೆ, ಪುಕ್ಕದ ಒಂದೊಂದು ಎಳೆಯನ್ನೂ ಎಣಿಸುವಂತೆ. ದೊಡ್ಡದಾಗಿ ಪ್ರಿಂಟ್ ಹಾಕಿಸಿ ಲ್ಯಾಬಿನ ಗೋಡೆಗೆ ತೂಗುಹಾಕಿದ್ದೇನೆ. ಮನೆಗೆ ಒಯ್ಯಲು ಇನ್ನೂ ಮನಸ್ಸಾಗಿಲ್ಲ.